ನೀರಿಗೂ ಒಂದು ಲೆಕ್ಕ ಉಂಟು



ನಮ್ಮ ಊರಿನ ಹೆಸರಿನಲ್ಲೇ ಒಂದು ಕೆರೆ ಇದೆ. ಬಸ್ಸಿಗೆ ಕಾಯುವಾಗ, ವಿಳಾಸ ಬರೆಯುವಾಗ ದಿನಕ್ಕೆ ಹತ್ತು ಸಲ 'ಗುರುವಾಯನಕೆರೆ' ಎನ್ನುತ್ತೇವೆ. ಆದರೆ ಆ ಕೆರೆಯಲ್ಲಿ ಈಗ ಎಷ್ಟು ನೀರಿದೆ, ಕಳೆದ ತಿಂಗಳು ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲೆವು?

ಒಮ್ಮೆ ತರಗತಿಯಲ್ಲಿ ಮಕ್ಕಳನ್ನು ಕೇಳಿದೆ: "ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಖರ್ಚಾಗುತ್ತದೆ?" ಯಾರೂ ಮಾತನಾಡಲಿಲ್ಲ. "ಮನೆಯ ಮೊಬೈಲ್‌ನಲ್ಲಿ ಇವತ್ತು ಎಷ್ಟು ಡೇಟಾ ಉಳಿದಿದೆ?" ಎಂದು ಕೇಳಿದೆ. ಹತ್ತಾರು ಕೈಗಳು ಮೇಲೆದ್ದವು. ಮಕ್ಕಳನ್ನು ದೂರುವುದಕ್ಕಾಗಿ ಈ ಮಾತು ಹೇಳುತ್ತಿಲ್ಲ. ಮೊದಲ ಪ್ರಶ್ನೆಗೆ ಅದನ್ನು ಕೇಳಿದ ನನ್ನಲ್ಲಿಯೂ ಉತ್ತರವಿರಲಿಲ್ಲ. ಯಾವುದಕ್ಕೆ ಮಿತಿ ಇದೆಯೆಂದು ನಮಗೆ ಗೊತ್ತಿದೆಯೋ ಅದಕ್ಕೆ ಮಾತ್ರ ನಾವು ಲೆಕ್ಕ ಇಡುತ್ತೇವೆ. ನೀರಿಗೆ ಮಿತಿ ಇದೆ ಎಂಬುದನ್ನು ಮಳೆನಾಡಿನ ನಾವು ಇನ್ನೂ ನಂಬಿಲ್ಲ. ನಂಬಿದವರು ಒಣನಾಡಿನವರು. ಅವರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಕಂಬದಲ್ಲಿ, ನಕ್ಷತ್ರದಲ್ಲಿ, ಬಟ್ಟಲಿನಲ್ಲಿ

ಈಜಿಪ್ಟಿನಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಅಲ್ಲಿನ ಬದುಕೆಲ್ಲ ನೈಲ್ ನದಿಯದು. ಕೈರೋದ ರೋದಾ ದ್ವೀಪದಲ್ಲಿ ಅಬ್ಬಾಸಿ ಖಲೀಫ ಅಲ್-ಮುತವಕ್ಕಿಲನ ಕಾಲದಲ್ಲಿ, ಕ್ರಿ.ಶ. 861ರಲ್ಲಿ (ಹಿಜರಿ 247) ಕಟ್ಟಿದ ಒಂದು ಅಳತೆಯ ಬಾವಿ ಇಂದಿಗೂ ಇದೆ. ಅದರ ಹೆಸರು 'ಮಿಕ್ಯಾಸ್'. ಉರ್ದು ಓದುವ ವಿದ್ಯಾರ್ಥಿಗಳಿಗೆ 'ಕಿಯಾಸ್' ಎಂಬ ಪದ ಗೊತ್ತಿರುತ್ತದೆ; ಎರಡಕ್ಕೂ ಮೂಲ ಧಾತು ಒಂದೇ. ನದಿಯ ನೀರು ಕಾಲುವೆಯ ಮೂಲಕ ಆ ಬಾವಿಗೆ ಬರುತ್ತಿತ್ತು. ನಡುವೆ ಎಂಟು ಮುಖದ ಅಮೃತಶಿಲೆಯ ಕಂಬ. ಅದರ ಮೇಲೆ ಮೊಳದ ಗೆರೆಗಳು. ನೀರು 16 ಮೊಳ ಏರಿದರೆ ಆ ವರ್ಷ ಬೆಳೆ ಚೆನ್ನಾಗಿ ಬರುತ್ತದೆ, ಕಂದಾಯ ವಸೂಲು ಮಾಡಬಹುದು ಎಂದು ಲೆಕ್ಕ. ಅಷ್ಟು ಏರದಿದ್ದರೆ ರೈತನ ಕೈಯಲ್ಲಿ ಕೊಡಲು ಏನೂ ಇರದು ಎಂಬುದು ಸರಕಾರಕ್ಕೂ ಮೊದಲೇ ತಿಳಿಯುತ್ತಿತ್ತು. ನೀರನ್ನು ಅಳೆಯುವುದು ನ್ಯಾಯದ ಕೆಲಸವೂ ಆಗಿತ್ತು ಎಂಬುದನ್ನು ಗಮನಿಸಿ.

ನಮ್ಮ ಎಷ್ಟೋ ಮನೆಗಳ ಅಣ್ಣತಮ್ಮಂದಿರು ದುಡಿಯುವ ಒಮಾನ್ ದೇಶದಲ್ಲಿ 'ಫಲಜ್' ಎಂಬ ನೀರಿನ ಕಾಲುವೆಗಳಿವೆ. ಇವುಗಳಲ್ಲಿ ಐದನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫಲಜ್‌ನ ನೀರು ಊರಿಗೆ ಬಂದ ಕೂಡಲೇ ಮೊದಲು ಕುಡಿಯುವುದಕ್ಕೆ, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕೊನೆಗೆ ತೋಟಕ್ಕೆ. ತೋಟದವರಿಗೆ ನೀರು ಹಂಚುವುದು ಗಂಟೆಯ ಲೆಕ್ಕದಲ್ಲಿ. ಸುಮಾರು ಅರ್ಧ ಗಂಟೆಯ ಪಾಲಿಗೆ 'ಅಥರ್' ಎಂದು ಹೆಸರು. ಹಗಲಿನಲ್ಲಿ ನೆಟ್ಟ ಕೋಲಿನ ನೆರಳನ್ನು ನೋಡಿ, ರಾತ್ರಿ ನಕ್ಷತ್ರಗಳನ್ನು ನೋಡಿ ಸರದಿ ಬದಲಾಯಿಸುತ್ತಿದ್ದರು. ಕೆಲವು ಪಾಲುಗಳು ವಕ್ಫ್ ಆಗಿದ್ದವು. ಅವುಗಳನ್ನು ಹರಾಜು ಹಾಕಿ ಬಂದ ಹಣದಿಂದ ಕಾಲುವೆಯ ರಿಪೇರಿ ನಡೆಯುತ್ತಿತ್ತು. ಅದಕ್ಕೆಲ್ಲ ಬರಹದ ಲೆಕ್ಕವಿತ್ತು.

ಇರಾನಿನಲ್ಲಿ ನೆಲದಡಿಯ ಕಾಲುವೆಗೆ 'ಕನಾತ್' ಅಥವಾ 'ಕಾರೀಝ್' ಎನ್ನುತ್ತಾರೆ. ಅಲ್ಲಿ ನೀರು ಹಂಚುವವನು 'ಮೀರಾಬ್', ಅಂದರೆ ನೀರಿನ ಯಜಮಾನ. ಅವನ ಬಳಿ ಒಂದು ತಾಮ್ರದ ಬಟ್ಟಲು, ಅದರ ತಳದಲ್ಲಿ ಸಣ್ಣ ತೂತು. ನೀರು ತುಂಬಿದ ಪಾತ್ರೆಯಲ್ಲಿ ಅದನ್ನು ತೇಲಿಬಿಟ್ಟರೆ ನಿಧಾನಕ್ಕೆ ತುಂಬಿ ಮುಳುಗುತ್ತದೆ. ಇಷ್ಟು ಬಾರಿ ಮುಳುಗಿದರೆ ಇಂಥವನ ಪಾಲು ಮುಗಿಯಿತು ಎಂದು ಲೆಕ್ಕ. ಆ ಬಟ್ಟಲಿಗೆ ಫಾರಸಿಯಲ್ಲಿ 'ಪಿಂಗಾನ್' ಎಂದು ಹೆಸರು. ಗಲ್ಫಿನಿಂದ ಬಂದವರು ಹೇಳುವ ಕಾಫಿಯ 'ಫಿಂಜಾನ್' ಅದೇ ಪದದ ಅರಬಿ ರೂಪ. ಇದು ನಮಗೆ ಹೊಸದೇನಲ್ಲ. ನಮ್ಮ ನಾಡಿನಲ್ಲಿಯೂ ಮುಹೂರ್ತ ನೋಡಲು ಇದೇ ರೀತಿಯ ಗಳಿಗೆ ಬಟ್ಟಲು ಇತ್ತು. ಅದು ಮುಳುಗಲು ಒಂದು ಗಳಿಗೆ, ಅಂದರೆ 24 ನಿಮಿಷ. ನಾವು ಅದರಿಂದ ಹೊತ್ತನ್ನು ಅಳೆದೆವು, ಅವರು ನೀರನ್ನು ಅಳೆದರು.

ಬೀದರ್‌ನ ಕರೇಜ್

ಈ ವಿದ್ಯೆ ಕರ್ನಾಟಕಕ್ಕೂ ಬಂತು. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ಬೀದರ್‌ಗೆ ರಾಜಧಾನಿಯನ್ನು ಸಾಗಿಸಿದನು. ಇರಾನಿನಿಂದ ಬಂದ ವಿದ್ವಾಂಸರೂ ಕುಶಲಕರ್ಮಿಗಳೂ ಆ ದರ್ಬಾರಿನಲ್ಲಿದ್ದರು. 1472ರ ಪ್ರಸಿದ್ಧ ಮದ್ರಸವನ್ನು ಕಟ್ಟಿಸಿದ ಮಹಮೂದ್ ಗವಾನನೂ ಇರಾನಿನ ಗೀಲಾನ್ ಪ್ರಾಂತದವನು. ಆ ಮದ್ರಸವನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಆದರೆ ಅದೇ ಊರಿನ ನೆಲದಡಿಯಲ್ಲಿರುವ ಕರೇಜ್ ಬಗ್ಗೆ ನಮ್ಮಲ್ಲಿ ಓದಿದವರು ಕಡಿಮೆ.

ಬೀದರ್ ಪ್ರಸ್ಥಭೂಮಿಯಲ್ಲಿ ಮೇಲೆ ಕೆಂಪು ಮುರಕಲ್ಲು, ಕೆಳಗೆ ಗಟ್ಟಿಯಾದ ಕಪ್ಪುಕಲ್ಲು. ಮಳೆನೀರು ಮುರಕಲ್ಲಿನಲ್ಲಿ ಇಳಿದು ಕಪ್ಪುಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರಿನವರೆಗೆ ಸುರಂಗ ತೋಡಿ, ಬಹಳ ಸಣ್ಣ ಇಳಿಜಾರಿನಲ್ಲಿ ಹರಿಸಿ ಊರಿಗೆ ತಂದರು. ಗಾಳಿ ಬೆಳಕಿಗೆ, ಮಣ್ಣು ತೆಗೆಯುವುದಕ್ಕೆ ದಾರಿಯುದ್ದಕ್ಕೂ ಮೇಲಿನಿಂದ ಬಾವಿಗಳನ್ನು ಇಳಿಸಿದರು. ನೌಬಾದ್ ಕರೇಜ್ ಸುಮಾರು 3 ಕಿಲೋಮೀಟರ್ ಉದ್ದವಿದೆ. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಸುರಂಗ ಕೊರೆದುಹೋಗುತ್ತದೆ. ಕಡಿಮೆಯಾದರೆ ನೀರು ಹರಿಯದೆ ಹೂಳು ತುಂಬುತ್ತದೆ. ನೆಲದ ಮಟ್ಟ ನೋಡುವ ಇಂಥ ಉಪಕರಣಗಳ ವಿಷಯವನ್ನು 11ನೇ ಶತಮಾನದಲ್ಲೇ ಅಲ್-ಕರಜಿ ಎಂಬ ಗಣಿತಜ್ಞ ಅಡಗಿದ ನೀರನ್ನು ಹೊರತೆಗೆಯುವ ಕುರಿತ ತನ್ನ ಗ್ರಂಥದಲ್ಲಿ ವಿವರಿಸಿದ್ದನು. ಗಣಿತ ಯಾವ ಉಪಯೋಗಕ್ಕೆ ಎಂದು ಕೇಳುವ ವಿದ್ಯಾರ್ಥಿಗಳಿಗೆ ಇದೊಂದು ಉತ್ತರ.

ಹಲವು ಕಾಲ ಮರೆತುಹೋಗಿದ್ದ ಈ ಕರೇಜನ್ನು ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಅವರು ಅಳೆದು ನಕ್ಷೆ ಮಾಡಿದರು. ಆಮೇಲೆ ಹೂಳು ತೆಗೆಯುವ ಕೆಲಸ ನಡೆದು, ಹಳೆಯ ಬಾವಿಗಳಲ್ಲಿ ಮತ್ತೆ ನೀರು ಕಾಣಿಸಿತು.

ಕರೇಜ್‌ನ ಒಂದು ಗುಣವನ್ನು ನೆನಪಿನಲ್ಲಿಡಿ. ಅದಕ್ಕೆ ಪಂಪು ಇಲ್ಲ. ಮಳೆ ನೆಲಕ್ಕೆ ಕೊಟ್ಟಷ್ಟನ್ನು ಮಾತ್ರ ಅದು ಮನುಷ್ಯನಿಗೆ ಕೊಡುತ್ತದೆ. ಜಮೆಗಿಂತ ಹೆಚ್ಚು ಖರ್ಚು ಮಾಡಲು ಅದು ಬಿಡುವುದೇ ಇಲ್ಲ. ಬೋರ್‌ವೆಲ್ ಹಾಗಲ್ಲ. ಅದು ಜಮೆಯನ್ನು ಕೇಳದೆ ಅಸಲನ್ನೇ ಎಳೆದು ಕೊಡುತ್ತದೆ, ಒಂದು ದಿನ ಬರೀ ಗಾಳಿ ಬರುವ ತನಕ.

ಬಿಜಾಪುರದ ಬಾವಡಿಗಳು

ಬೀದರ್‌ಗಿಂತಲೂ ಒಣ ಪ್ರದೇಶ ಬಿಜಾಪುರ, ಇಂದಿನ ವಿಜಯಪುರ. ಅಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅಂಥ ಕಡೆ ಆದಿಲ್‌ಶಾಹಿಗಳು ದೊಡ್ಡ ರಾಜಧಾನಿಯನ್ನೇ ಕಟ್ಟಿದರು. ಒಂದನೇ ಅಲಿ ಆದಿಲ್ ಶಾನ ಕಾಲದಲ್ಲಿ (1558-1580) ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನಗರಕ್ಕೆ ನೀರು ತಂದರು. 1579ರಲ್ಲಿ ಚಾಂದ್ ಬಾವಡಿ, 1620ರಲ್ಲಿ ತಾಜ್ ಬಾವಡಿ ಆದವು. 1651ರಲ್ಲಿ ಮುಹಮ್ಮದ್ ಆದಿಲ್ ಶಾ ನಗರದ ದಕ್ಷಿಣಕ್ಕೆ 234 ಎಕರೆಯ ಬೇಗಂ ತಾಲಾಬ್ ಕಟ್ಟಿಸಿದನು. ಉರ್ದುವಿನ 'ಬಾವಡಿ', ಕನ್ನಡದ 'ಬಾವಿ' ಎರಡೂ ಸಂಸ್ಕೃತದ 'ವಾಪಿ'ಯ ಮಕ್ಕಳೇ.

ಕೆರೆಯ ನೀರು ಮಣ್ಣಿನ ಕೊಳವೆಗಳಲ್ಲಿ ಬರುವಾಗ ದಾರಿಯಲ್ಲಿ 'ಗಂಜ್' ಎಂಬ ಎತ್ತರದ ಗೋಪುರಗಳಿದ್ದವು. ನೀರು ಗೋಪುರದಲ್ಲಿ ಮೇಲಕ್ಕೇರಿ ಮತ್ತೆ ಇಳಿಯುತ್ತಿತ್ತು. ಇದರಿಂದ ಒತ್ತಡ ತಗ್ಗಿ ಕೊಳವೆ ಒಡೆಯುತ್ತಿರಲಿಲ್ಲ, ಕೆಸರು ತಳಕ್ಕೆ ಕೂರುತ್ತಿತ್ತು. 1686ರಲ್ಲಿ ಔರಂಗಜೇಬನ ಸೇನೆಗೆ ನಗರ ಸೋತಿತು. ರಾಜಧಾನಿಯ ವೈಭವ ಹೋಯಿತು, ನೋಡಿಕೊಳ್ಳುವ ಕೈಗಳೂ ಹೋದವು. ಕಾಲಕ್ರಮದಲ್ಲಿ ಕೊಳವೆಗಳು ಒಡೆದವು, ಬಾವಡಿಗಳು ಕಸದ ಗುಂಡಿಗಳಾದವು. ಕಟ್ಟಿದ ಕಲ್ಲು ಉಳಿದರೂ ಲೆಕ್ಕ ಇಡುವವರು ಇಲ್ಲದಿದ್ದರೆ ನೀರು ಉಳಿಯುವುದಿಲ್ಲ. ತೊರವಿಯ ಕಡೆಯ ಸುರಂಗ ಬಾವಡಿ ವಿಶ್ವ ಸ್ಮಾರಕ ನಿಧಿಯ 2020ರ ಪಟ್ಟಿಯಲ್ಲಿ ಸೇರಿದ ಮೇಲೆ ಅದರ ಹೆಸರು ಮತ್ತೆ ಕೇಳಿಬಂತು.

ಹಳೆಯ ಮೈಸೂರಿನ ಬಯಲು ಸೀಮೆಯಲ್ಲಿ ಈ ಲೆಕ್ಕ ಇಟ್ಟವನು ಅರಮನೆಯವನಲ್ಲ, ಊರಿನ ನೀರುಗಂಟಿ. ಕೆರೆಯ ತೂಬನ್ನು ಎಷ್ಟು ತೆರೆಯಬೇಕು, ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು ಎಂಬುದು ಅವನ ಕೆಲಸ. ಸುಗ್ಗಿಯಲ್ಲಿ ಬೆಳೆಯ ಒಂದು ಪಾಲು ಅವನ ಕೂಲಿ. ಇರಾನಿನ ಮೀರಾಬನಿಗೆ ನಮ್ಮ ನೀರುಗಂಟಿ ಸೋದರನೇ ಸರಿ. ಮೈಸೂರು ಸಂಸ್ಥಾನದ 27,269 ಚದರ ಮೈಲಿಯಲ್ಲಿ ನೂರಕ್ಕೆ ಸುಮಾರು 60 ಭಾಗ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಎಂದು ಇಂಜಿನಿಯರ್ ಸ್ಯಾಂಕಿ 1866ರಲ್ಲಿ ಬರೆದನು. ಅಷ್ಟು ಕೆರೆಗಳನ್ನು ಕಾದವರು ಇಂಥ ಸಾಮಾನ್ಯರು.

ನಮ್ಮ ಗುಡ್ಡೆಯ ಸುರಂಗ

ನಮ್ಮಲ್ಲಿ ಇಂಥದ್ದೇನೂ ಇರಲಿಲ್ಲವೇ? ಇತ್ತು. ಬಂಟ್ವಾಳ ತಾಲೂಕಿನ ಮಾಣಿಲದಲ್ಲಿ, ಗಡಿಯಾಚೆಯ ಕಾಸರಗೋಡಿನ ಹಳ್ಳಿಗಳಲ್ಲಿ ಗುಡ್ಡೆಯ ಮುರಕಲ್ಲನ್ನು ಕೊರೆದು ಮಾಡಿದ ಸುರಂಗಗಳು ಇಂದಿಗೂ ನೀರು ಕೊಡುತ್ತಿವೆ. ಒಬ್ಬ ಮನುಷ್ಯ ಹೋಗುವಷ್ಟು ಅಗಲ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೋಲು ಸುಮಾರು ಎರಡೂವರೆ ಅಡಿ. ಒಳಗಿನಿಂದ ಒಸರುವ ನೀರು ಅಡಿಕೆ ಮರದ ದಂಬೆಯಲ್ಲಿ ಹರಿದು ತೊಟ್ಟಿಗೆ ಬೀಳುತ್ತದೆ. ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಒಬ್ಬರೇ ಸುರಂಗ ತೋಡಿದರು. ಹಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡಲಿಲ್ಲ. ಕೊನೆಗೆ ನೀರು ಬಂತು, ಬೋಳು ಗುಡ್ಡೆ ತೋಟವಾಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೋಡಿಗೆ ಕಟ್ಟ ಹಾಕಿ ನೀರು ನಿಲ್ಲಿಸುತ್ತಿದ್ದುದೂ ನಮ್ಮ ಹಿರಿಯರ ಲೆಕ್ಕಾಚಾರವೇ.

ಈಗ ನಮ್ಮ ಲೆಕ್ಕ

ವಿದ್ಯಾರ್ಥಿ ಮಿತ್ರರೇ, ಈಗ ಒಂದು ಸುಲಭ ಗಣಿತ ಮಾಡಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಮಾಡು ಎಂದರೆ 93 ಚದರ ಮೀಟರ್. ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್. ಅಂದರೆ ಅಷ್ಟೇ ಮಾಡಿನ ಮೇಲೆ 3,72,000 ಲೀಟರ್. ವಿಜಯಪುರದಲ್ಲಿ ಅದೇ ಅಳತೆಯ ಮಾಡಿನ ಮೇಲೆ ಬೀಳುವುದು ಸುಮಾರು 56,000 ಲೀಟರ್. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ನಿಗದಿ ಮಾಡಿತು. ಐದು ಮಂದಿಯ ಮನೆಗೆ ಅದು ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್. ವಿಜಯಪುರದ ಮಾಡಿಗೆ ಬೇಕಾದುದರ ಅರ್ಧವಷ್ಟೇ ಬೀಳುತ್ತದೆ. ನಮ್ಮ ಮಾಡಿಗೆ ಬೇಕಾದುದರ ಮೂರೂವರೆ ಪಟ್ಟಿಗಿಂತ ಹೆಚ್ಚು ಬೀಳುತ್ತದೆ. ಆದರೂ ಎಪ್ರಿಲ್‌ನಲ್ಲಿ ನಮ್ಮ ಬಾವಿಗಳ ತಳ ಕಾಣುತ್ತದೆ, ಟ್ಯಾಂಕರ್ ಬರುತ್ತದೆ. ಮಳೆ ಕಡಿಮೆಯಾಗಿ ಹೀಗಾದದ್ದಲ್ಲ. ಮಾಡಿನ ನೀರು ತೋಡಿಗೆ, ತೋಡಿನ ನೀರು ನೇತ್ರಾವತಿಗೆ, ನೇತ್ರಾವತಿಯ ನೀರು ಕಡಲಿಗೆ. ಜಮೆಯಾದದ್ದು ಅಂದೇ ಖರ್ಚು.

2019ರ ಬೇಸಗೆಯಲ್ಲಿ ಮಂಗಳೂರಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಬಂಟ್ವಾಳ ತಾಲೂಕಿನ ತುಂಬೆ ಅಣೆಕಟ್ಟೆಯಲ್ಲಿ ಇವತ್ತು ಎಷ್ಟು ಮೀಟರ್ ನೀರಿದೆ ಎಂದು ಜನರು ಬೆಳಿಗ್ಗೆ ಪತ್ರಿಕೆಯಲ್ಲಿ ನೋಡುತ್ತಿದ್ದರು. ಮಳೆ ಬಂತು, ನೋಡುವುದು ನಿಂತಿತು. ಒಣನಾಡಿನವರು ನೀರಿದ್ದಾಗ ಲೆಕ್ಕ ಇಟ್ಟರು. ನಾವು ನೀರು ಮುಗಿದ ಮೇಲೆ ಲೆಕ್ಕ ಕೇಳುತ್ತೇವೆ.

ನಮ್ಮ ಧರ್ಮದಲ್ಲಿಯೂ ನೀರಿಗೆ ಅಳತೆ ಇದೆ. ಪ್ರವಾದಿಯವರು (ಸ.ಅ.) ಒಂದು 'ಮುದ್ದ್' ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಒಂದು ಮುದ್ದ್ ಎಂದರೆ ಒಂದು ಲೀಟರಿಗಿಂತ ಕಡಿಮೆ. ನಳ್ಳಿ ಪೂರ್ತಿ ತಿರುಗಿಸಿ ವುಝೂ ಮಾಡುವಾಗ ಎಷ್ಟು ಮುದ್ದ್ ಹರಿದುಹೋಗುತ್ತದೆ ಎಂದು ಒಮ್ಮೆ ಪಾತ್ರೆ ಇಟ್ಟು ನೋಡಿ.

ಅದಕ್ಕಾಗಿ ನಮ್ಮ ಸಂಘದ ಸದಸ್ಯರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಒಂದು ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ. ಪ್ರತಿ ತಿಂಗಳ ಮೊದಲ ಶುಕ್ರವಾರ ಹಿರಿಯರೊಬ್ಬರ ಜೊತೆ ನಿಂತು ನಿಮ್ಮ ಮನೆಯ, ಮಸೀದಿಯ, ಶಾಲೆಯ ಬಾವಿಯಲ್ಲಿ ಎಷ್ಟು ನೀರಿದೆ ಎಂದು ಅಳೆದು ಒಂದು ಪುಸ್ತಕದಲ್ಲಿ ಬರೆಯಿರಿ. ಮೂರು ಮೀಟರ್ ಅಗಲದ ದುಂಡು ಬಾವಿಯಲ್ಲಿ ಒಂದು ಮೀಟರ್ ನೀರು ಎಂದರೆ ಸುಮಾರು 7,000 ಲೀಟರ್. ಒರತೆ ನಿಂತರೆ ಐದು ಮಂದಿಯ ಮನೆಗೆ 25 ದಿನದ ನೀರು. ಇದನ್ನು ಬರೆದಿಟ್ಟವರಿಗೆ ಜನವರಿಯಲ್ಲೇ ಎಪ್ರಿಲ್ ಕಾಣುತ್ತದೆ. ಆಮೇಲೆ ಮಾಡಿನ ನೀರನ್ನು ಬಾವಿಗೆ ಇಳಿಸಬೇಕೆಂದು ಯಾರೂ ಭಾಷಣ ಮಾಡಬೇಕಾಗಿಲ್ಲ; ನಿಮ್ಮ ಪುಸ್ತಕವೇ ಹೇಳುತ್ತದೆ.

ಮುಂದಿನ ವರ್ಷದ ಸಂಚಿಕೆ ಬರುವಾಗ ಆ ಪುಸ್ತಕದಲ್ಲಿ ಹನ್ನೆರಡು ಸಾಲುಗಳಿರಲಿ. ನಮ್ಮ ಊರಿನ ನೀರಿನ ಚರಿತ್ರೆಯ ಮೊದಲ ಪುಟ ಅದೇ ಆಗುತ್ತದೆ. ನನ್ನ ಮನೆಯ ಬಾವಿಯ ಮೊದಲ ಸಾಲನ್ನು ನಾನು ಬರೆದಿದ್ದೇನೆ. ನಿಮ್ಮದನ್ನು ನೀವು ಬರೆಯಿರಿ.