ಹೊಳಿ ದಾಟಾಕ ರೊಕ್ಕಾ ಯಾರು ಕೊಡಬೇಕು?

2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲ್‌ನದನ್ನು ಶೇ 14.34ರಿಂದ 18.44ಕ್ಕೆ ಏರಿಸಿತು. ಲೀಟರಿಗೆ ಸುಮಾರು ಮೂರು, ಮೂರೂವರೆ ರೂಪಾಯಿ. ಬೈಲಹೊಂಗಲ, ಸವದತ್ತಿ ಕಡೆ ಆ ವಾರ ಎಲ್ಲಿ ಕುಂತರೂ ಇದೇ ಮಾತು. ಬೆಂಗಳೂರಿನಲ್ಲಿ ಪಕ್ಷಗಳು ಜಗಳಾಡಿದ್ದು ದರದ ಬಗ್ಗೆ. ನಮ್ಮ ಕಡೆ ಕೇಳಿದ ಮಾತು ಬೇರೆ. "ಮೂರಲ್ಲ, ಐದು ರೂಪಾಯಿ ತಗೋರಿ. ಆದ್ರ ಹೊಳಿ ಮ್ಯಾಲಿನ ಬ್ರಿಜ್ ನೆಟ್ಟಗ ಮಾಡಿಕೊಡ್ರಿ" ಅಂದವರೂ ಇದ್ದರು. "ಆ ರೊಕ್ಕಾ ಬ್ರಿಜ್ಜಿಗೇ ಹೋಗತೈತಿ ಅಂತ ಯಾರ ಹೇಳ್ಯಾರ?" ಅಂತ ಅವರನ್ನು ಅಡ್ಡಗಟ್ಟಿದವರೂ ಇದ್ದರು. ಈ ಎರಡನೇ ಪ್ರಶ್ನೆಗೆ ನೂರಾ ಅರವತ್ತು ವರ್ಷದ ಇತಿಹಾಸವಿದೆ. ಅದನ್ನೇ ಇಲ್ಲಿ ಬರೀತೀನಿ.

ನಮ್ಮಲ್ಲಿ ತೆರಿಗೆ ಅಂದ ಕೂಡಲೇ ಕಿತ್ತೂರ ಚೆನ್ನಮ್ಮ ನೆನಪಾಗುವುದು ರೂಢಿ. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿಯವರನ್ನು ಚೆನ್ನಮ್ಮನಾಗಿ ಕಂಡ ಮೇಲಂತೂ ಕಿತ್ತೂರಿನ ಜಗಳ ಕಪ್ಪದ ಜಗಳವೇ ಅಂತ ಜನರ ಮನಸ್ಸಿನಲ್ಲಿ ಕುಂತುಬಿಟ್ಟಿದೆ. ನಿಜ ಹೇಳಬೇಕೆಂದರೆ 1824ರಲ್ಲಿ ತಕರಾರು ಶುರುವಾದದ್ದು ದತ್ತಕದಿಂದ. ಥ್ಯಾಕರೆ ದತ್ತುಪುತ್ರನನ್ನು ಒಪ್ಪಲಿಲ್ಲ, ಖಜಾನೆಗೆ ತನ್ನ ಮುದ್ರೆ ಹಾಕಿಸಿದ. ಅಂದರೆ ಜಗಳ ಎಷ್ಟು ಕೊಡಬೇಕು ಅನ್ನೋದಕ್ಕಿಂತ ಹೆಚ್ಚಾಗಿ ಕೀಲಿಕೈ ಯಾರ ಹತ್ತಿರ ಇರಬೇಕು ಅನ್ನೋದರದ್ದು.

ಸೇತುವೆಯ ಲೆಕ್ಕ ಶುರುವಾಗುವುದು ಅದಾದ ನಲವತ್ತು ವರ್ಷಕ್ಕೆ. ಆಗ ಬೈಲಹೊಂಗಲ, ಕಿತ್ತೂರು ಎರಡೂ ಸಂಪಗಾವಿ ತಾಲ್ಲೂಕಿನೊಳಗೆ. ಸವದತ್ತಿ ಪರಸಗಡ ತಾಲ್ಲೂಕಿನೊಳಗೆ. ರಾಮದುರ್ಗ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನ. ಮುಂಬಯಿ ಸರ್ಕಾರ 1863ರಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆ ಹೆಚ್ಚುವರಿ ಪಟ್ಟಿ ಹಾಕಿತು. 1869ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಅದರಲ್ಲಿ ಮೂರನೇ ಎರಡು ಪಾಲು ರಸ್ತೆಯ ನಿಧಿಗೆ, ಉಳಿದದ್ದು ಶಾಲೆಯ ನಿಧಿಗೆ. ಸಂಪಗಾವಿಯ ಒಬ್ಬ ರೈತ ಹದಿನಾರು ರೂಪಾಯಿ ಕಂದಾಯ ಕಟ್ಟುತ್ತಿದ್ದರೆ ಮೇಲೆ ಒಂದು ರೂಪಾಯಿ ಕೊಡುತ್ತಿದ್ದ. ಅದರಲ್ಲಿ ಹತ್ತಾಣೆ ಎಂಟು ಪೈ ರಸ್ತೆಗೆ. ಲೆಕ್ಕ ಎಷ್ಟು ಸ್ವಚ್ಛ ನೋಡ್ರಿ! ಇದರ ಜೊತೆಗೆ ನಾಕಾದಲ್ಲಿ ವಸೂಲಾದ ಸುಂಕ, ಹೊಳೆ ದಾಟಿಸುವ ದೋಣಿಗಳ ಉತ್ಪನ್ನ, ಕೊಂಡವಾಡದ ದಂಡ ಕೂಡ ಸ್ಥಳೀಯ ನಿಧಿಗೇ ಜಮಾ ಆಗುತ್ತಿದ್ದವು.

ಆದರೆ ಆ ಸ್ವಚ್ಛ ಲೆಕ್ಕದೊಳಗೂ ಒಂದು ಅನ್ಯಾಯ ಇತ್ತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದೆ ನಮ್ಮ ಎರಿಭೂಮಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಬೈಲಹೊಂಗಲದ ಹತ್ತಿ ಎತ್ತಿನ ಗಾಡಿಯಲ್ಲಿ ಬೆಳಗಾವಿ, ಅಲ್ಲಿಂದ ಘಟ್ಟ ಇಳಿದು ವೆಂಗುರ್ಲಾ ಬಂದರು. ಸರ್ಕಾರದ ಕಣ್ಣು ಇದ್ದದ್ದು ಬಂದರಿನ ದಾರಿಯ ಮೇಲೆ. ಒಂದಾಣೆ ಮಾತ್ರ ಪ್ರತಿ ಹೊಲದಿಂದಲೂ ಬರುತ್ತಿತ್ತು. ಹೊಳಿ ಬಂದಾಗ ಹರಗೋಲಿಗಾಗಿ ಕಾಯುತ್ತ ಕುಂತವನೂ ಆ ಪಟ್ಟಿ ಕಟ್ಟುತ್ತಿದ್ದ.

ಮೋಟಾರು ಬಂದ ಮೇಲೆ ಪ್ರಶ್ನೆ ತಿರುಗಿತು. ರಸ್ತೆಯನ್ನು ಸವೆಸುವವನೇ ಯಾಕೆ ಕೊಡಬಾರದು? 1927ರಲ್ಲಿ ಕೇಂದ್ರ ಸರ್ಕಾರ ರಸ್ತೆಗಳ ಬಗ್ಗೆ ಒಂದು ಸಮಿತಿ ನೇಮಿಸಿತು. ಅಧ್ಯಕ್ಷರು ಎಂ.ಆರ್. ಜಯಕರ, ನಮ್ಮದೇ ಮುಂಬಯಿ ಪ್ರಾಂತದ ವಕೀಲರು, ಮುಂದೆ ಪುಣೆ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು. ಅವರ ಶಿಫಾರಸಿನಂತೆ 1929ರ ಮಾರ್ಚಿನಲ್ಲಿ ಪೆಟ್ರೋಲಿನ ಸುಂಕ ಗ್ಯಾಲನ್ನಿಗೆ ನಾಲ್ಕಾಣೆಯಿಂದ ಆರಾಣೆ ಆಯಿತು. ಹೆಚ್ಚಾದ ಎರಡಾಣೆ ಸಾಮಾನ್ಯ ಬೊಕ್ಕಸಕ್ಕೆ ಹೋಗುವ ಹಾಗಿಲ್ಲ, ರಸ್ತೆಯ ಖಾತೆಗೇ. ಈಗಿನ ಲೆಕ್ಕದಲ್ಲಿ ಲೀಟರಿಗೆ ಮೂರು ಪೈಸೆಗೂ ಕಡಿಮೆ! ಆದರೆ ಪ್ರಾಂತಗಳಿಗೆ ಪಾಲು ಹಂಚಿದ್ದು ಎಲ್ಲಿ ಎಷ್ಟು ಪೆಟ್ರೋಲು ಸುಡುತ್ತದೆ ಅನ್ನುವುದರ ಮೇಲೆ. ಎತ್ತಿನ ಗಾಡಿಗಳೇ ತುಂಬಿದ್ದ ಪರಸಗಡದಂಥ ತಾಲ್ಲೂಕಿಗೆ ಈ ತಕ್ಕಡಿಯಲ್ಲಿ ತೂಕವೇ ಇರಲಿಲ್ಲ.

ರಾಜ್ಯಗಳು ಪೆಟ್ರೋಲಿನ ಮೇಲೆ ಕೈ ಇಟ್ಟದ್ದು ಇನ್ನೊಂದು ಬಾಗಿಲಿನಿಂದ. 1938ರಲ್ಲಿ ಮಧ್ಯಪ್ರಾಂತ ಸರ್ಕಾರ ಪೆಟ್ರೋಲು ಮಾರಾಟದ ಮೇಲೆ ಶೇ 5 ತೆರಿಗೆ ಹಾಕಿತು. ಇದು ನಮ್ಮ ಅಬಕಾರಿ ಸುಂಕದ ಹಕ್ಕಿಗೆ ಧಕ್ಕೆ ಅಂತ ದಿಲ್ಲಿ ತಕರಾರು ತೆಗೆಯಿತು. ಫೆಡರಲ್ ಕೋರ್ಟು ಪ್ರಾಂತದ ಪರವಾಗಿ ಅಭಿಪ್ರಾಯ ಕೊಟ್ಟಿತು. ಇವತ್ತಿನ ಶೇ 29.84ರ ಬೇರು ಅಲ್ಲಿದೆ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ರಾಜ್ಯಗಳು ಈ ಬಾಗಿಲನ್ನು ಬಿಟ್ಟುಕೊಡಲಿಲ್ಲ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಒಂದಾಣೆಗೂ ಎರಡಾಣೆಗೂ ತಮ್ಮ ತಮ್ಮ ಚೀಲ ಇತ್ತು. ಮಾರಾಟ ತೆರಿಗೆಗೆ ಹಾಗಿಲ್ಲ. ಅದು ರಾಜ್ಯದ ಸಂಚಿತ ನಿಧಿಯಲ್ಲಿ ಬಿದ್ದು ಸಂಬಳ, ಪಿಂಚಣಿ, ಸಾಲದ ಬಡ್ಡಿ, ಗ್ಯಾರಂಟಿ, ರಸ್ತೆ ಎಲ್ಲದರ ಜೊತೆ ಬೆರೆಯುತ್ತದೆ. ಇದನ್ನು ನಾನು ತಪ್ಪು ಅಂತ ಹೇಳುತ್ತಿಲ್ಲ, ಶಾಲೆಗೂ ರೇಷನ್ನಿಗೂ ರೊಕ್ಕ ಬೇಕಲ್ಲ. ಆದರೆ ಪೆಟ್ರೋಲ್ ಬಂಕಿನಲ್ಲಿ ಕೊಟ್ಟ ಮೂರು ರೂಪಾಯಿ ಬ್ರಿಜ್ಜಿಗೆ ಹೋಯಿತೋ ಇಲ್ಲವೋ ಅಂತ ಪತ್ತೆಹಚ್ಚುವ ದಾರಿ ಅಲ್ಲಿಗೆ ಮುಚ್ಚಿತು.

ಚೀಲ ಇಟ್ಟು ಕೆಲಸ ಮಾಡಿದ್ದಕ್ಕೆ ಉದಾಹರಣೆ ಬೇಕೆಂದರೆ ದೂರ ಹೋಗಬೇಕಿಲ್ಲ. 1998ರಲ್ಲಿ ಪೆಟ್ರೋಲಿಗೆ, 1999ರಲ್ಲಿ ಡೀಸೆಲ್‌ಗೆ ಲೀಟರಿಗೆ ಒಂದು ರೂಪಾಯಿ ಸೆಸ್ ಹಾಕಿ, 2000ದಲ್ಲಿ ಕೇಂದ್ರ ರಸ್ತೆ ನಿಧಿಯ ಕಾಯ್ದೆ ಮಾಡಿದರು. ಡೀಸೆಲ್ ಸೆಸ್ಸಿನ ಅರ್ಧ ಹಳ್ಳಿ ರಸ್ತೆಗಳಿಗೆ. ಉಳಿದದ್ದನ್ನೂ ಪೆಟ್ರೋಲಿನದನ್ನೂ ಕೂಡಿಸಿ ಶೇ 57.5 ರಾಷ್ಟ್ರೀಯ ಹೆದ್ದಾರಿಗೆ, ಶೇ 30 ರಾಜ್ಯದ ರಸ್ತೆಗಳಿಗೆ, ಶೇ 12.5 ರೈಲ್ವೆ ಮೇಲುಸೇತುವೆ, ಕೆಳಸೇತುವೆಗಳಿಗೆ. ಕಿತ್ತೂರಿನವರು ಆ ರೂಪಾಯಿಯ ಫಲವನ್ನು ಮನೆಯಿಂದ ಹೊರಬಂದರೆ ನೋಡಬಹುದು: ಸುವರ್ಣ ಚತುಷ್ಪಥದ ಭಾಗವಾಗಿ ಆದ ಬೆಳಗಾವಿ–ಧಾರವಾಡ ರಸ್ತೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯನ್ನು ಆ ಹೆದ್ದಾರಿಯ ಸೇತುವೆ ಮೇಲೆ ಅರ್ಧ ನಿಮಿಷದಲ್ಲಿ ದಾಟುತ್ತೀರಿ. ಹಿರೇಬಾಗೇವಾಡಿ ಟೋಲ್‌ನಾಕಾದಲ್ಲಿ ಮತ್ತೆ ಬೇರೆ ಕೊಡಬೇಕು, ಅದು ಇರಲಿ.

ಅದೇ ಮಲಪ್ರಭೆ ಮುಂದೆ ಸಂಗೊಳ್ಳಿ ಹಾಯ್ದು, ನವಿಲುತೀರ್ಥದ ಅಣೆಕಟ್ಟೆಯಲ್ಲಿ ನಿಂತು, ಮುನವಳ್ಳಿ ಮುಟ್ಟಿ, ರಾಮದುರ್ಗದ ಕಡೆ ಹರಿಯುತ್ತದೆ. 2019ರ ಆಗಸ್ಟಿನಲ್ಲಿ ಅಣೆಕಟ್ಟೆ ತುಂಬಿ ನೀರು ಬಿಟ್ಟಾಗ ಮುನವಳ್ಳಿಗೂ ರಾಮದುರ್ಗಕ್ಕೂ ಹೊಳಿ ನುಗ್ಗಿತು. ಕೆಳಮಟ್ಟದ ಸೇತುವೆಗಳು ಕಾಣದಾದವು. ನೀರು ಇಳಿದ ಮೇಲೆ ಇಂಥ ಸೇತುವೆ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತದೆ. ಕಂಬದ ಬುಡದ ಮಣ್ಣು ಕೊಚ್ಚಿಹೋಗಿದ್ದು, ಕೀಲುಗಳು ಬಾಯಿ ಬಿಟ್ಟಿದ್ದು, ಕಬ್ಬಿಣಕ್ಕೆ ತುಕ್ಕು ಹಿಡಿದದ್ದು ಕೆಳಗೆ ಇಳಿದು ನೋಡಿದವರಿಗೇ ಗೊತ್ತು. ಹೊಸ ಸೇತುವೆಗೆ ಗುದ್ದಲಿಪೂಜೆ ಇರುತ್ತದೆ, ಟೇಪು ಕತ್ತರಿಸೋದಿರುತ್ತದೆ. ಕಂಬದ ಬುಡಕ್ಕೆ ಕಾಂಕ್ರೀಟು ಹಾಕಿದ್ದಕ್ಕೆ ಯಾವ ಶಾಸಕರೂ ಬ್ಯಾನರ್ ಕಟ್ಟಿಸಿದ್ದನ್ನು ನಾನು ನೋಡಿಲ್ಲ. ದುರಸ್ತಿಗೆ ಪ್ರತ್ಯೇಕ ಚೀಲ ಬೇಕು ಅನ್ನುವುದು ಅದಕ್ಕೇ.

ಚೀಲ ಇದ್ದರೂ ಅದರ ಬಾಯಿ ಅಗಲವಾದರೆ ಕಥೆ ಮತ್ತೆ ಅಷ್ಟೇ. 2018ರ ಬಜೆಟ್ಟಿನಲ್ಲಿ ರಸ್ತೆ ಸೆಸ್ ಲೀಟರಿಗೆ ಎಂಟು ರೂಪಾಯಿ ಆಯಿತು. ಅದೇ ವರ್ಷ ನಿಧಿಯ ಹೆಸರಿಗೆ ಮೂಲಸೌಕರ್ಯ ಅನ್ನುವ ಪದ ಸೇರಿ ಆಸ್ಪತ್ರೆ, ಶಿಕ್ಷಣ, ಕುಡಿಯುವ ನೀರು ಎಲ್ಲವೂ ಒಳಗೆ ಬಂದವು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಅದರ ಮೇಲೆ ಇನ್ನೂ ಎಂಟು ರೂಪಾಯಿ ಕೂಡಿತು. ಸೆಸ್ ಆದ್ದರಿಂದ ಕೇಂದ್ರ ಇದನ್ನು ಇತರ ತೆರಿಗೆಗಳ ಹಾಗೆ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾಗಿಲ್ಲ. ರಾಜ್ಯಗಳು ತಮ್ಮ ಮಾರಾಟ ತೆರಿಗೆಯನ್ನು ಬಿಗಿಯಾಗಿ ಹಿಡಿದುಕೊಳ್ಳಲು ಇದೂ ಒಂದು ಕಾರಣ. ಇಬ್ಬರ ನಡುವೆ ಲೀಟರು ಸಣ್ಣದಾಗುತ್ತ ಹೋಯಿತು.

ಹೆದ್ದಾರಿ ಇದ್ದಲ್ಲಿ ಎಲ್ಲ ಸರಿ ಅಂತಲೂ ಅಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಚಾಲಕನನ್ನು ಜೀವಂತ ಎತ್ತಿದರು. ಅದು ರಾಷ್ಟ್ರೀಯ ಹೆದ್ದಾರಿಯ ಸೇತುವೆ, ನಲವತ್ತು ವರ್ಷದ್ದು. ರಾಜ್ಯ ತೆರಿಗೆ ಏರಿಸಿ ಎರಡು ತಿಂಗಳೂ ಆಗಿರಲಿಲ್ಲ.

ನನ್ನ ಮಟ್ಟಿಗೆ ನಾನು ಕೊಡುವವರ ಕಡೆ. ಲೀಟರಿಗೆ ಒಂದು ರೂಪಾಯಿ ಹೆಚ್ಚು ಕೊಡಲು ತಯಾರಿದ್ದೀನಿ, ಎರಡು ಷರತ್ತಿನ ಮೇಲೆ. ಮೊದಲನೆಯದು, ಆ ರೂಪಾಯಿ ತಾಲ್ಲೂಕಿನ ಸೇತುವೆಗಳ ಪಟ್ಟಿಗೆ ಕಟ್ಟಿಹಾಕಿದ್ದಿರಬೇಕು. ಯಾವ ಸೇತುವೆಯನ್ನು ಯಾವಾಗ ಪರೀಕ್ಷೆ ಮಾಡಿದರು, ಏನು ಸರಿಪಡಿಸಿದರು ಅನ್ನುವುದು ಆ ಸೇತುವೆಯ ಹತ್ತಿರವೇ ಬರೆದಿರಬೇಕು. ಎರಡನೆಯದು ಕೊಡುವವರ ಲೆಕ್ಕದ್ದು. ಹೊಲದಾಗ ರಂಟಿ ಹೊಡೆಯೋ ಟ್ರ್ಯಾಕ್ಟರ್ ಯಾವ ರಸ್ತೆಯನ್ನೂ ಸವೆಸುವುದಿಲ್ಲ, ಆದರೂ ಅದರ ಡೀಸೆಲ್ ಮೇಲೆ ಪೂರ್ತಿ ತೆರಿಗೆ. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಯ ಸವೆತ ಸುಮಾರು ಹದಿನಾರು ಪಟ್ಟು ಅಂತ 1960ರ ಹೊತ್ತಿಗೇ ಅಮೆರಿಕದ ಪರೀಕ್ಷೆಗಳು ಹೇಳಿದ್ದವು. ಮಿತಿ ಮೀರಿ ಹೇರಿಕೊಂಡು ಹೋಗುವ ಲಾರಿ ಅಷ್ಟು ಪಟ್ಟು ಡೀಸೆಲ್ ಸುಡುವುದಿಲ್ಲವಲ್ಲ. ಇದನ್ನು ಹೇಳಿದರೆ ನಮ್ಮ ಸೋದರಮಾವ, "ಹಂಗಾರ ಕಬ್ಬಿನ ಸೀಜನ್ನಿನ್ಯಾಗ ಎರಡೆರಡು ಟ್ರೇಲರ್ ಎಳಿಯೋ ನಮ್ಮ ಟ್ರ್ಯಾಕ್ಟರ್ ಯಾವ ಲೆಕ್ಕಕ್ಕಪಾ?" ಅಂತಾರ. ಆ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

2025ರ ಏಪ್ರಿಲ್ 1ರಿಂದ ರಾಜ್ಯದ ಡೀಸೆಲ್ ತೆರಿಗೆ ಶೇ 21.17 ಆಗಿದೆ, ಲೀಟರಿಗೆ ಇನ್ನೆರಡು ರೂಪಾಯಿ. ನೆರೆಯ ರಾಜ್ಯಗಳಿಗಿಂತ ನಮ್ಮಲ್ಲಿ ಈಗಲೂ ಅಗ್ಗ ಅನ್ನೋದು ಸರ್ಕಾರದ ಸಮರ್ಥನೆ. ಆ ಏರಿಕೆಗೆ ಮೊದಲು ಮಹಾರಾಷ್ಟ್ರದ ಲಾರಿಗಳು ಈಚೆ ಬಂದು ಡೀಸೆಲ್ ಹಾಕಿಸಿಕೊಂಡು ಹೋಗುತ್ತಿದ್ದದ್ದು ಗಡಿಯಲ್ಲಿ ಇರೋ ನಮಗೆ ಗೊತ್ತು.