ಶಾಂಕ್ಲಿ ಬಿತ್ತಿದ್ದು, ಪೈಸ್ಲಿ ಕೊಯ್ದದ್ದು

ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯಲ್ಲಿ ಎಲ್ಲರಿಗಿಂತ ದೊಡ್ಡ ಮ್ಯಾನೇಜರ್ ಯಾರು ಎಂದು ಕೇಳಿದರೆ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವ ಹೆಸರು ಬಿಲ್ ಶಾಂಕ್ಲಿ. ದಾಖಲೆಯ ಪುಸ್ತಕ ತೆರೆದರೆ ಸಿಗುವ ಹೆಸರು ಬಾಬ್ ಪೈಸ್ಲಿ. ಈ ಎರಡು ಉತ್ತರಗಳನ್ನು ಹೊಂದಿಸಲು ಬಹುಕಾಲದಿಂದ ಒಂದು ರಾಜಿಸೂತ್ರ ಬಳಕೆಯಲ್ಲಿದೆ: ಶಾಂಕ್ಲಿ ಬಿತ್ತಿದರು, ಪೈಸ್ಲಿ ಕೊಯ್ದರು. ಕೇಳಲು ಹಿತವಾಗಿದ್ದರೂ ಈ ಮಾತು ಚರಿತ್ರೆಗೆ ನಿಷ್ಠವಾಗಿಲ್ಲ. ಬಿತ್ತನೆಯಲ್ಲಿ ಪೈಸ್ಲಿಯ ಕೈ ಎಷ್ಟಿತ್ತು ಎಂಬುದನ್ನೂ, ಕೊಯ್ಲಾದ ಮೇಲೆ ಅದೇ ಹೊಲವನ್ನು ಅವರು ಎಷ್ಟು ಸಲ ಹೊಸದಾಗಿ ಉತ್ತರು ಎಂಬುದನ್ನೂ ಅದು ಮರೆಮಾಚುತ್ತದೆ. ಪೈಸ್ಲಿಯೇ ಹಿರಿಯರು ಎಂಬುದು ನನ್ನ ವಾದ. ಆದರೆ ಅದು ಅವರ ಟ್ರೋಫಿಗಳ ಎಣಿಕೆಯ ಮೇಲೆ ನಿಂತ ವಾದವಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಒಂದು ವಿಷಯ ಮೊದಲೇ ತಿಳಿದಿರಬೇಕು. ಆ ಕಾಲದ ಇಂಗ್ಲಿಷ್ ಕ್ಲಬ್ಬಿನ ಮ್ಯಾನೇಜರ್ ಬರೀ ತರಬೇತುದಾರನಲ್ಲ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಶನಿವಾರದ ಪಂದ್ಯಕ್ಕೆ ಯಾರನ್ನು ಕಣಕ್ಕಿಳಿಸಬೇಕು, ಯಾರನ್ನು ಕೂರಿಸಬೇಕು ಎಂಬುದೆಲ್ಲ ಅವನ ತೀರ್ಮಾನವೇ. ಹಾಗಾಗಿ ಒಂದು ತಂಡದ ಪಟ್ಟಿಯನ್ನು ಓದಿದರೆ ಆ ಮ್ಯಾನೇಜರನ ಬುದ್ಧಿಯನ್ನೇ ಓದಿದಂತೆ.

1959ರ ಡಿಸೆಂಬರಿನಲ್ಲಿ ಹಡರ್ಸ್‌ಫೀಲ್ಡ್ ತಂಡ ಬಿಟ್ಟು ಶಾಂಕ್ಲಿ ಲಿವರ್‌ಪೂಲಿನ ತವರು ಮೈದಾನ ಆನ್‌ಫೀಲ್ಡಿಗೆ ಬಂದಾಗ ಕ್ಲಬ್ಬು ಐದು ವರ್ಷಗಳಿಂದ ಎರಡನೆಯ ದರ್ಜೆಯಲ್ಲಿ ಕೊಳೆಯುತ್ತಿತ್ತು. ಅದೇ ವರ್ಷದ ಜನವರಿಯಲ್ಲಿ, ಲೀಗಿನ ಆಚೆಗಿನ ಪುಟ್ಟ ತಂಡ ವೂಸ್ಟರ್ ಸಿಟಿಯ ಎದುರು ಎಫ್‌ಎ ಕಪ್ಪಿನಲ್ಲಿ ಸೋತ ಅವಮಾನ ಇನ್ನೂ ಹಸಿಯಾಗಿತ್ತು. ಮೆಲ್‌ವುಡ್ಡಿನ ಅಭ್ಯಾಸದ ಮೈದಾನದಲ್ಲಿ ಗಿಡಗಂಟಿ ಬೆಳೆದಿತ್ತು. ಸ್ಕಾಟ್ಲೆಂಡಿನ ಗ್ಲೆನ್‌ಬಕ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯಿಂದ ಬಂದ ಈ ಮನುಷ್ಯ ಮೊದಲ ಒಂದೆರಡು ವರ್ಷಗಳಲ್ಲೇ ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ಕಳುಹಿಸಿಬಿಟ್ಟರು. ಹಣ ಬಿಚ್ಚಲು ಹಿಂಜರಿಯುತ್ತಿದ್ದ ಆಡಳಿತ ಮಂಡಳಿಯನ್ನು ಒಪ್ಪಿಸಿ 1961ರಲ್ಲಿ ಮದರ್‌ವೆಲ್ಲಿನಿಂದ ಇಯಾನ್ ಸೇಂಟ್ ಜಾನ್‌ರನ್ನು 37,500 ಪೌಂಡಿಗೆ ತಂದರು. ಡಂಡಿ ಯುನೈಟೆಡ್‌ನಿಂದ ಆಜಾನುಬಾಹು ರಾನ್ ಯೇಟ್ಸ್‌ರನ್ನು ತಂದರು. 1962ರಲ್ಲಿ ಬಡ್ತಿ, 1964ರಲ್ಲಿ ಲೀಗ್, 1965ರಲ್ಲಿ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಎಫ್‌ಎ ಕಪ್, 1966ರಲ್ಲಿ ಮತ್ತೆ ಲೀಗ್. 1966ರ ಆ ಲೀಗನ್ನು ಇಡೀ ಋತುವಿನಲ್ಲಿ ಕೇವಲ 14 ಆಟಗಾರರಿಂದ ಗೆದ್ದರು. ತಲೆಯಿಂದ ಕಾಲಿನವರೆಗೆ ಕೆಂಪು ಉಡುಪು ಅವರ ಕಾಲದ್ದು. ಲಿವರ್‌ಪೂಲ್ ಊರಿನ ಕಾರ್ಮಿಕರಿಗೆ ಈ ತಂಡ ತಮ್ಮದೇ ಎಂದು ಅನ್ನಿಸುವಂತೆ ಮಾಡಿದ್ದು ಅವರ ಎಲ್ಲ ಗೆಲುವುಗಳಿಗಿಂತ ದೊಡ್ಡ ಕೆಲಸ, ಅದನ್ನು ಒಪ್ಪದವರು ಆ ನಗರವನ್ನೇ ಅರಿಯದವರು. ಆದರೆ ಶೂನ್ಯದಿಂದ ಎಬ್ಬಿಸಿದರು ಎಂಬ ಮಾತು ಅತಿಶಯೋಕ್ತಿ. ಅವರಿಗಿಂತ ಮುಂಚೆಯೇ ಲಿವರ್‌ಪೂಲ್ ಐದು ಸಲ ಇಂಗ್ಲೆಂಡಿನ ಚಾಂಪಿಯನ್ ಆಗಿತ್ತು. ಮ್ಯಾನೇಜರ್ ಟಾಮ್ ವಾಟ್ಸನ್ 1901 ಮತ್ತು 1906ರಲ್ಲೇ ಆ ದಾರಿ ತೋರಿಸಿದ್ದರು.

ಈಗ ಬಿತ್ತನೆಯ ವಿಷಯ. ಸಾಮಾನ್ಯವಾಗಿ ಹೊಸ ಮ್ಯಾನೇಜರ್ ಬಂದರೆ ಹಳೆಯ ಸಿಬ್ಬಂದಿಗೆ ಗೇಟ್‌ಪಾಸ್. ಶಾಂಕ್ಲಿ ಹಾಗೆ ಮಾಡಲಿಲ್ಲ. ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಈ ಮೂವರನ್ನೂ ಉಳಿಸಿಕೊಂಡರು. ಪೈಸ್ಲಿ ಆ ಹೊತ್ತಿಗೆ ಆನ್‌ಫೀಲ್ಡ್ ಸೇರಿ ಇಪ್ಪತ್ತು ವರ್ಷವಾಗಿತ್ತು. 1939ರಲ್ಲಿ ಡರ್ಹಮ್ ಜಿಲ್ಲೆಯಿಂದ ಬಂದು, ಯುದ್ಧಕ್ಕೆ ಹೋಗಿ ಮರಳಿ, 1947ರ ಚಾಂಪಿಯನ್ ತಂಡದಲ್ಲಿ ಆಡಿ, ಆಟ ಮುಗಿದ ಮೇಲೆ ಗಾಯಗಳಿಗೆ ಚಿಕಿತ್ಸೆ ಮಾಡುವ ವಿದ್ಯೆ ಕಲಿತು, ಮೀಸಲು ತಂಡವನ್ನೂ ತಯಾರು ಮಾಡಿದವರು. ಅಂದರೆ ಪೈಸ್ಲಿ ಶಾಂಕ್ಲಿಯಿಂದ ಪಡೆದ ಆಸ್ತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಶಾಂಕ್ಲಿ ಪಡೆದ ಆಸ್ತಿಯಲ್ಲಿ ಪೈಸ್ಲಿಯೂ ಒಬ್ಬರು ಎಂಬುದನ್ನು ಯಾರೂ ಹೇಳುವುದಿಲ್ಲ. ಆನ್‌ಫೀಲ್ಡಿನ ಮುಖ್ಯ ಗ್ಯಾಲರಿಯ ಕೆಳಗೆ ಆಟಗಾರರ ಬೂಟುಗಳನ್ನು ಇಡುತ್ತಿದ್ದ ಒಂದು ಇಕ್ಕಟ್ಟಾದ ಕೋಣೆ ಇತ್ತು. ಅದೇ ಬೂಟ್ ರೂಮ್. ಬಿಯರ್ ಪೆಟ್ಟಿಗೆಗಳ ಮೇಲೆ ಕುಳಿತು ಇವರು ಪಂದ್ಯಗಳನ್ನು ಬಿಡಿಸಿ ನೋಡುತ್ತಿದ್ದರು. ಇಂದು ಯಾವ ಅಭ್ಯಾಸ ಮಾಡಿಸಿದೆವು, ಯಾರ ಯಾವ ಸ್ನಾಯು ನೋಯುತ್ತಿದೆ ಎಂಬುದನ್ನೆಲ್ಲ ದಿನದಿನವೂ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ತೊಂದರೆ ಬಂದರೆ ಹಳೆಯ ಪುಟ ತಿರುಗಿಸಿದರೆ ಸಾಕಿತ್ತು. 1973ರ ಅಕ್ಟೋಬರ್–ನವೆಂಬರಿನಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡ ಯೂರೋಪಿಯನ್ ಕಪ್ಪಿನಲ್ಲಿ ಲಿವರ್‌ಪೂಲನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿತಲ್ಲ, ಅದಾದ ಮೇಲೆ ಆ ಕೋಣೆಯ ಮಂದಿ ಒಂದು ನಿರ್ಧಾರಕ್ಕೆ ಬಂದರು: ಚೆಂಡನ್ನು ದೂರಕ್ಕೆ ಒದೆಯುವ ಎತ್ತರದ ರಕ್ಷಕರ ಕಾಲ ಮುಗಿಯಿತು, ಇನ್ನು ಹಿಂದಿನಿಂದಲೇ ತಾಳ್ಮೆಯಿಂದ ಚೆಂಡನ್ನು ಸಾಗಿಸಿಕೊಂಡು ಬರಬೇಕು. ರಕ್ಷಣೆಯ ನಡುವೆ ಎಮ್ಲಿನ್ ಹ್ಯೂಸ್ ಜೊತೆಗೆ ಮಧ್ಯಕ್ಷೇತ್ರದ ಹುಡುಗ ಫಿಲ್ ಥಾಂಪ್ಸನ್ ಬಂದರು. ಯೂರೋಪನ್ನೇ ಗೆದ್ದ ಆಟದ ಬೀಜ ಇದೇ. ಇದು ಒಬ್ಬರ ಕೈಯ ಬೀಜವಲ್ಲ.

1974ರ ಜುಲೈ 12ರಂದು ಶಾಂಕ್ಲಿ ಯಾರೂ ನಿರೀಕ್ಷಿಸದ ರಾಜೀನಾಮೆ ಕೊಟ್ಟರು. ಮನಸ್ಸಿಲ್ಲದ ಮನಸ್ಸಿನಿಂದ ಪೈಸ್ಲಿ ಕುರ್ಚಿ ಹಿಡಿದರು. ಮುಂದಿನ ಒಂಬತ್ತು ಋತುಗಳಲ್ಲಿ ಆರು ಲೀಗ್, ಮೂರು ಯೂರೋಪಿಯನ್ ಕಪ್, ಒಂದು ಯುಇಎಫ್‌ಎ ಕಪ್, ಮೂರು ಲೀಗ್ ಕಪ್. ಇಲ್ಲಿ ಬರುವ ಆಕ್ಷೇಪ ಎಲ್ಲರಿಗೂ ಗೊತ್ತು: ಸಿದ್ಧ ತಂಡ ಸಿಕ್ಕಿತು, ಗೆದ್ದರು. ಇದನ್ನು ಪರೀಕ್ಷಿಸಲು ಎರಡು ಪಟ್ಟಿಗಳು ಸಾಕು. 1977ರಲ್ಲಿ ರೋಮ್‌ನಲ್ಲಿ ಮೊಂಚೆನ್‌ಗ್ಲಾಡ್‌ಬಾಕ್ ತಂಡವನ್ನು 3-1ರಿಂದ ಸೋಲಿಸಿ ಮೊದಲ ಯೂರೋಪಿಯನ್ ಕಪ್ ಎತ್ತಿದ ಹನ್ನೊಂದು ಮಂದಿಯಲ್ಲಿ ಕ್ಲೆಮೆನ್ಸ್, ಸ್ಮಿತ್, ಹ್ಯೂಸ್, ಕ್ಯಾಲಹನ್, ಹೈವೇ, ಕೀಗನ್, ಕೇಸ್, ರೇ ಕೆನಡಿ ಎಂಟೂ ಜನ ಶಾಂಕ್ಲಿಯ ಕಾಲದಲ್ಲಿ ಕ್ಲಬ್ ಸೇರಿದವರು. ಆಕ್ಷೇಪಕ್ಕೆ ಅಷ್ಟರಮಟ್ಟಿಗೆ ಬಲವಿದೆ. 1981ರಲ್ಲಿ ಪ್ಯಾರಿಸ್ಸಿನಲ್ಲಿ ರಿಯಲ್ ಮ್ಯಾಡ್ರಿಡ್ ಮೇಲೆ 1-0 ಗೆದ್ದ ಹನ್ನೊಂದರಲ್ಲಿ ಆ ಕಾಲದವರು ಉಳಿದದ್ದು ಮೂವರೇ: ಕ್ಲೆಮೆನ್ಸ್, ಥಾಂಪ್ಸನ್, ಕೆನಡಿ. ಆ ಕೆನಡಿಯೂ ಆರ್ಸೆನಲ್‌ನಿಂದ ಮುಂಪಡೆಯ ಆಟಗಾರನಾಗಿ, ಶಾಂಕ್ಲಿ ರಾಜೀನಾಮೆ ಕೊಟ್ಟ ದಿನವೇ ಬಂದವರು. ಅವರನ್ನು ಎಡಮಧ್ಯಕ್ಕೆ ಸರಿಸಿ ಹೊಸ ಆಟಗಾರನನ್ನಾಗಿ ಮಾಡಿದ್ದು ಪೈಸ್ಲಿ. ನಾಲ್ಕೇ ವರ್ಷದಲ್ಲಿ ತಂಡ ಹೆಚ್ಚುಕಡಿಮೆ ಪೂರ್ತಿ ಬದಲಾಗಿತ್ತು, ಗೆಲುವು ಮಾತ್ರ ನಿಂತಿರಲಿಲ್ಲ. 1978–79ರಲ್ಲಿ 42 ಲೀಗ್ ಪಂದ್ಯಗಳಲ್ಲಿ ಈ ತಂಡ ಬಿಟ್ಟುಕೊಟ್ಟ ಗೋಲು ಹದಿನಾರೇ.

ತಂಡವನ್ನು ಹೊಸದಾಗಿ ಕಟ್ಟುವ ಇದೇ ಕೆಲಸದಲ್ಲಿ ಶಾಂಕ್ಲಿ ಎಡವಿದ್ದರು ಎಂಬುದನ್ನು ಗೌರವದಿಂದಲೇ ಹೇಳಬೇಕಾಗುತ್ತದೆ. 1966ರ ಲೀಗಿನ ನಂತರ 1973ರವರೆಗೆ ಏಳು ವರ್ಷ ಅವರ ಕೈಗೆ ಒಂದೂ ದೊಡ್ಡ ಕಪ್ ಬರಲಿಲ್ಲ. ತನ್ನನ್ನು ನಂಬಿ ಗೆಲ್ಲಿಸಿಕೊಟ್ಟ ಹುಡುಗರನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. 1970ರ ಫೆಬ್ರವರಿಯಲ್ಲಿ ಎರಡನೆಯ ದರ್ಜೆಯ ವಾಟ್‌ಫರ್ಡ್ ಎದುರು ಎಫ್‌ಎ ಕಪ್ಪಿನಲ್ಲಿ ಸೋತ ಮೇಲಷ್ಟೇ ಹಳೆಯ ತಂಡ ಒಡೆಯಿತು. ನಿಷ್ಠೆ ದೊಡ್ಡ ಗುಣ, ಆ ಗುಣವೇ ಜನರನ್ನು ಅವರ ಕಡೆಗೆ ಸೆಳೆದದ್ದು. ಆದರೆ ಮ್ಯಾನೇಜರನ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಗೆಲ್ಲುತ್ತಿರುವ ತಂಡವನ್ನು ಬಿಚ್ಚುವುದು. 1977ರಲ್ಲಿ ಕೀಗನ್ ಐದು ಲಕ್ಷ ಪೌಂಡಿಗೆ ಹ್ಯಾಂಬರ್ಗಿಗೆ ಹೋದಾಗ ಎಲ್ಲರೂ ಅಂತ್ಯ ಕಂಡರು. ಪೈಸ್ಲಿ 4,40,000 ಪೌಂಡಿಗೆ ಕೆನ್ನಿ ಡಾಲ್ಗ್ಲಿಷ್‌ರನ್ನು ತಂದರು, ಮರುವರ್ಷದ ಯೂರೋಪಿಯನ್ ಕಪ್ ಫೈನಲ್‌ನ ಏಕೈಕ ಗೋಲು ಅವರದ್ದೇ. ದುಡ್ಡಿನ ಬಲದಿಂದ ಗೆದ್ದರು ಎನ್ನುವವರಿಗೆ ಈ ಒಂದು ವ್ಯವಹಾರವೇ ಉತ್ತರ. ಎದುರಾಳಿಗಳು ದುರ್ಬಲರಿದ್ದರು ಎಂಬ ಮಾತೂ ನಿಲ್ಲುವುದಿಲ್ಲ. 1977ರಿಂದ 1982ರವರೆಗೆ ಆರೂ ಯೂರೋಪಿಯನ್ ಕಪ್‌ಗಳು ಇಂಗ್ಲೆಂಡಿಗೇ ಬಂದವು. ಲಿವರ್‌ಪೂಲ್ ಗೆಲ್ಲದ ಮೂರನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮತ್ತು ಆಸ್ಟನ್ ವಿಲ್ಲಾ ಗೆದ್ದವು. ಇಂಥ ತಂಡಗಳ ನಡುವೆಯೇ ಪೈಸ್ಲಿ ಲೀಗ್ ಗೆದ್ದರು. ದೇಶದೊಳಗಿನ ದೊಡ್ಡ ಕಪ್‌ಗಳಲ್ಲಿ ಅವರಿಗೆ ದಕ್ಕದೆ ಉಳಿದದ್ದು ಎಫ್‌ಎ ಕಪ್ ಒಂದೇ.

ಇತರ ಮ್ಯಾನೇಜರರ ಮಾತು ಚುಟುಕಾಗಿ ಮುಗಿಸಬಹುದು. ಫೇಗನ್ ತಮ್ಮ ಮೊದಲ ಋತುವಿನಲ್ಲೇ, 1984ರಲ್ಲಿ, ಲೀಗ್, ಲೀಗ್ ಕಪ್, ಯೂರೋಪಿಯನ್ ಕಪ್ ಮೂರನ್ನೂ ಗೆದ್ದರು. ಎರಡೇ ವರ್ಷದ ಅಧಿಕಾರ, ಅದೂ ಹೈಸೆಲ್ ಕ್ರೀಡಾಂಗಣದ ದುರಂತದಲ್ಲಿ ಮುಗಿಯಿತು. ಡಾಲ್ಗ್ಲಿಷ್ ಮ್ಯಾನೇಜರ್ ಆಗಿಯೂ ಮೂರು ಲೀಗ್ ಗೆದ್ದವರು. ಆದರೆ 1989ರ ಹಿಲ್ಸ್‌ಬರೋ ದುರಂತದಲ್ಲಿ ಲಿವರ್‌ಪೂಲ್ ಅಭಿಮಾನಿಗಳ 97 ಜೀವಗಳು ಹೋದಾಗ ಮನೆಮನೆಯ ಶೋಕಕ್ಕೆ ಹೆಗಲು ಕೊಟ್ಟ ಅವರ ಹಿರಿಮೆಯನ್ನು ಈ ಹೋಲಿಕೆಯ ತಕ್ಕಡಿಗೆ ಹಾಕುವುದೇ ಸಲ್ಲದು. ನಿಜವಾದ ಸವಾಲು ಬರುವುದು ಯೂರ್ಗನ್ ಕ್ಲಾಪ್ ಕಡೆಯಿಂದ. 2018–19ರಲ್ಲಿ 97 ಅಂಕ ಗಳಿಸಿಯೂ ಒಂದೇ ಅಂಕದಿಂದ ಲೀಗ್ ತಪ್ಪಿತು. ಮರುವರ್ಷ 99 ಅಂಕಗಳಿಂದ ಮೂವತ್ತು ವರ್ಷದ ಬರ ನೀಗಿತು. ಪೈಸ್ಲಿ ಎಂದೂ ಎದುರಿಸದ ಬಗೆಯ ಎದುರಾಳಿ, ಅಬುಧಾಬಿಯ ಹಣ ಬೆನ್ನಿಗಿದ್ದ ಮ್ಯಾಂಚೆಸ್ಟರ್ ಸಿಟಿ, ಕ್ಲಾಪ್ ಮುಂದಿತ್ತು. ಈ ವಾದವನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಆದರೂ ಕ್ಲಾಪ್‌ಗೆ ಸರಿಸಾಟಿ ಶಾಂಕ್ಲಿಯೇ: ಇಬ್ಬರೂ ಕುಗ್ಗಿದ್ದ ಕ್ಲಬ್ಬನ್ನು ಎತ್ತಿ, ಊರಿನೊಂದಿಗೆ ಬೆಸೆದು, ದಣಿದು ತಾವಾಗಿಯೇ ಹೊರಟವರು. 2024ರಲ್ಲಿ ಕ್ಲಾಪ್ ಬಿಟ್ಟುಹೋದ ತಂಡಕ್ಕೆ ಹೆಚ್ಚೇನೂ ಸೇರಿಸದೆ ಆರ್ನೆ ಸ್ಲಾಟ್ ಮರುವರ್ಷವೇ ಇಪ್ಪತ್ತನೆಯ ಲೀಗನ್ನು ಗೆದ್ದದ್ದು ಕ್ಲಾಪ್ ಕಟ್ಟಡದ ಗಟ್ಟಿತನಕ್ಕೆ ಸಾಕ್ಷಿ. ಒಳ್ಳೆಯ ಆಸ್ತಿ ಸಿಕ್ಕವರಿಗೆ ಒಂದು ಲೀಗ್ ದಕ್ಕಬಹುದು ಎಂಬುದಕ್ಕೂ ಅದೇ ಸಾಕ್ಷಿ. ಬಂದ ಆಸ್ತಿ ಕರಗಿದ ಮೇಲೂ ಪೈಸ್ಲಿ 1982ರಲ್ಲಿ, 1983ರಲ್ಲಿ ಲೀಗ್ ಗೆದ್ದರು. ಆ ಹೊತ್ತಿಗೆ ಗೋಲಿನಲ್ಲಿ ಗ್ರಾಬೆಲಾರ್, ರಕ್ಷಣೆಯಲ್ಲಿ ಹ್ಯಾನ್ಸನ್, ನಡುವೆ ಸೌನೆಸ್, ಮುಂದೆ ರಷ್ ಮತ್ತು ಡಾಲ್ಗ್ಲಿಷ್ ಇದ್ದರು. ಈ ಐವರೂ ಪೈಸ್ಲಿಯೇ ಆರಿಸಿ ತಂದವರು.