ಬೀದಿಯ ಒಡೆತನ, ದಂಡದ ಒಡೆತನ: ಮೈಸೂರಿನ ವಾಹನ ನಿಲುಗಡೆಯ ಹಣಕಾಸು

ನಗರಾಡಳಿತಗಳು ವಾಹನ ನಿಲುಗಡೆಯ ದಂಡವನ್ನೇ ಆದಾಯವಾಗಿ ನೆಚ್ಚಿಕೊಳ್ಳುತ್ತವೆ ಎಂಬ ಆಕ್ಷೇಪ ಮುಖ್ಯವಾಗಿ ಅಮೆರಿಕ ಮತ್ತು ಇಂಗ್ಲೆಂಡುಗಳ ಅನುಭವದಿಂದ ಹುಟ್ಟಿದ್ದು, ಅಲ್ಲಿ ದಂಡ ವಿಧಿಸುವ ನಗರಸಭೆಯೇ ಆ ಹಣವನ್ನು ತನ್ನ ಬೊಕ್ಕಸಕ್ಕೆ ಸೇರಿಸಿಕೊಳ್ಳುತ್ತದೆ. ಮೈಸೂರಿಗೆ ಈ ಆಕ್ಷೇಪ ಹಾಗೆಯೇ ಅನ್ವಯಿಸುವುದಿಲ್ಲ. ದೇವರಾಜ ಅರಸು ರಸ್ತೆಯಲ್ಲೋ ಸಯ್ಯಾಜಿರಾವ್ ರಸ್ತೆಯಲ್ಲೋ ತಪ್ಪಾಗಿ ನಿಲ್ಲಿಸಿದ ವಾಹನಕ್ಕೆ ದಂಡ ಹಾಕುವವರು ರಾಜ್ಯ ಸರ್ಕಾರದ ಅಧೀನದಲ್ಲಿರುವ ಸಂಚಾರ ಪೊಲೀಸರು. ಆ ಹಣ ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಎಲ್ಲ ವರಮಾನ ಬಂದು ಕೂಡುವ ಖಾತೆಗೆ ಜಮೆಯಾಗುತ್ತದೆ. ಬೀದಿಯನ್ನು ನೋಡಿಕೊಳ್ಳುವ ಹೊಣೆಯಾದರೋ ಮಹಾನಗರ ಪಾಲಿಕೆಯದು. ಇಲ್ಲಿನ ನಿಜವಾದ ತೊಡಕು ಪಾಲಿಕೆಯ ದುರಾಸೆಯಲ್ಲ, ಹೊಣೆ ಮತ್ತು ಹಣ ಬೇರೆ ಬೇರೆ ಕೈಗಳಲ್ಲಿ ಉಳಿದಿರುವುದು.

ಈ ವಿಂಗಡಣೆ ಕಾನೂನಿನಲ್ಲೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 117ನೆಯ ಕಲಮು, ವಾಹನ ನಿಲ್ಲಿಸುವ ಸ್ಥಳಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಪ್ರಾಧಿಕಾರಕ್ಕೆ ಕೊಟ್ಟು, ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕೆಂದಷ್ಟೇ ಹೇಳುತ್ತದೆ. ಬೇರೆ ದಂಡ ನಿಗದಿಯಾಗದ ತಪ್ಪುಗಳಿಗೆಲ್ಲ ಅನ್ವಯಿಸುವ 177ನೆಯ ಕಲಮಿನ ಸಾಮಾನ್ಯ ದಂಡವನ್ನು 2019ರ ತಿದ್ದುಪಡಿ, ಮೊದಲ ತಪ್ಪಿಗೆ 100 ರೂಪಾಯಿಯಿಂದ 500ಕ್ಕೂ ನಂತರದ ತಪ್ಪಿಗೆ 300ರಿಂದ 1,500ಕ್ಕೂ ಏರಿಸಿತು. 200ನೆಯ ಕಲಮಿನ ಪ್ರಕಾರ ನ್ಯಾಯಾಲಯಕ್ಕೆ ಹೋಗದೆ, ಸರ್ಕಾರ ಗೊತ್ತುಪಡಿಸಿದ ಮೊತ್ತವನ್ನು ಅಧಿಕಾರಿಗೆ ಕಟ್ಟಿ ಪ್ರಕರಣವನ್ನು ಮುಗಿಸಿಕೊಳ್ಳಬಹುದು. ಇದೇ ರಾಜಿ ದಂಡ. ಜನರು ನಿತ್ಯ ಕಟ್ಟುವುದು ಬಹುಪಾಲು ಇದನ್ನೇ.

ಇನ್ನೊಂದು ಕಡೆ, 74ನೆಯ ಸಂವಿಧಾನ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿ ವಾಹನ ನಿಲುಗಡೆಯ ತಾಣಗಳನ್ನು ಬೀದಿದೀಪ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯಗಳ ಜೊತೆಗೆ ನಗರಸಭೆಗಳಿಗೆ ವಹಿಸಬಹುದಾದ ಕೆಲಸವಾಗಿ ಹೆಸರಿಸಿದೆ. ಆದರೆ ಪಾಲಿಕೆ ಇದರಿಂದ ಹಣ ಪಡೆಯಬಹುದಾದದ್ದು ಶುಲ್ಕದ ರೂಪದಲ್ಲಿ, ದಂಡದ ರೂಪದಲ್ಲಲ್ಲ. ಈ ಭೇದ ಬರಿಯ ಪದಗಳದ್ದಲ್ಲ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟು ತೆರಿಗೆಯನ್ನೂ ಶುಲ್ಕವನ್ನೂ ಬೇರ್ಪಡಿಸುತ್ತ, ಶುಲ್ಕವೆಂದರೆ ಸಲ್ಲಿಸಿದ ವಿಶೇಷ ಸೇವೆಗೆ ಪ್ರತಿಯಾಗಿ ಪಡೆಯುವ ಹಣವೆಂದು ನಿರೂಪಿಸಿತು. ನಿಲುಗಡೆಗೆ ಶುಲ್ಕ ತೆತ್ತವನು ಗುರುತು ಹಾಕಿದ ಜಾಗವನ್ನು ಕೇಳಬಲ್ಲನು, ದಂಡ ತೆತ್ತವನಿಗೆ ಅಂಥ ಹಕ್ಕಿಲ್ಲ.

ಮೈಸೂರಿನ ಹಳೆಯ ಪೇಟೆಯಲ್ಲಿ ಇಂಥ ಗುರುತು ಹಾಕಿದ ಜಾಗದ ಕೊರತೆ ಕಣ್ಣಿಗೆ ಹೊಡೆಯುವಂತಿದೆ. 1903ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ವಿಸ್ತರಣಾ ಬಡಾವಣೆಗಳಲ್ಲಿ ಅಗಲವಾದ ರಸ್ತೆಗಳನ್ನು ಹಾಕಿದರೂ, ಅರಮನೆ ಮತ್ತು ದೇವರಾಜ ಮಾರುಕಟ್ಟೆಯ ಸುತ್ತಲಿನ ಕೇರಿಗಳು ಎತ್ತಿನ ಗಾಡಿ, ಜಟಕಾ ಮತ್ತು ಕಾಲ್ನಡಿಗೆಯ ಕಾಲದವು. ಈ ಭಾಗದ ಒತ್ತಡ ತಗ್ಗಿಸಲು ಪುರಭವನದ ಆವರಣದಲ್ಲಿ ಕೈಗೆತ್ತಿಕೊಂಡ ನೆಲದಡಿಯ ನಿಲುಗಡೆ ಕಟ್ಟಡ ವರ್ಷಗಟ್ಟಲೆ ನೆನೆಗುದಿಗೆ ಬಿದ್ದಿತ್ತು. ಅದೇ ವರ್ಷಗಳಲ್ಲಿ ಸುತ್ತಲ ರಸ್ತೆಗಳಲ್ಲಿ ದಂಡ ವಸೂಲಿ ಮಾತ್ರ ನಿಲ್ಲಲಿಲ್ಲ ಎಂಬುದು ಖೇದದ ಸಂಗತಿ.

ದಂಡದ ಹಣ ಎಲ್ಲಿಗೆ ಸೇರಬೇಕೆಂಬ ಪ್ರಶ್ನೆಗೆ ಹಿಂದಿನ ದನದ ದೊಡ್ಡಿಯನ್ನು ಇಲ್ಲಿ ನೆನೆಯಬಹುದು. 1871ರ ಜಾನುವಾರು ಅತಿಕ್ರಮಣ ಕಾಯ್ದೆಯಲ್ಲಿ, ದೊಡ್ಡಿಗೆ ಹೊಡೆದ ದನವನ್ನು ಒಡೆಯನು ದಂಡವನ್ನೂ ಮೇವು-ನೀರಿನ ಖರ್ಚನ್ನೂ ತೆತ್ತು ಬಿಡಿಸಿಕೊಳ್ಳಬೇಕಿತ್ತು. ಖರ್ಚು ಕಳೆದು ಮಿಕ್ಕ ಹಣವನ್ನು ಸ್ಥಳೀಯ ನಿಧಿಗೆ ಸೇರಿಸಲು ಸರ್ಕಾರ ಆದೇಶಿಸಬಹುದಿತ್ತು. ತಪ್ಪು ನಡೆದ ಸೀಮೆಗೇ ದಂಡ ಮರಳುವ ದಾರಿ ಅಲ್ಲಿ ತೆರೆದಿತ್ತು. ಇಂದಿನ ದಂಡಕ್ಕೆ ಆ ಸ್ಥಳಸಂಬಂಧ ಕಡಿದಿರುವುದನ್ನು 2023ರ ಫೆಬ್ರವರಿಯ ರಿಯಾಯಿತಿ ಸ್ಪಷ್ಟವಾಗಿ ತೋರಿಸಿತು. ಬಾಕಿ ಇ-ಚಲನ್‌ಗಳ ಮೇಲೆ ಶೇ 50 ಕಡಿತವನ್ನು ರಾಜ್ಯ ಸರ್ಕಾರ ಘೋಷಿಸಿದಾಗ ಜನ ಮುಗಿಬಿದ್ದು ಕಟ್ಟಿದರು. ಅಲ್ಲಿ ದಂಡವು ನಡತೆಯನ್ನು ತಿದ್ದುವ ಸಾಧನಕ್ಕಿಂತ ವಸೂಲಾಗಬೇಕಾದ ಬಾಕಿಯಾಗಿ ಕಾಣಿಸಿಕೊಂಡಿತು.

ಹಾಗೆಂದು ದಂಡವನ್ನು ಸುಮ್ಮನೆ ಪಾಲಿಕೆಗೆ ವಹಿಸಿದರೆ ಸಾಲದು. ಅಮೆರಿಕದ ಫರ್ಗ್ಯೂಸನ್ ನಗರದಲ್ಲಿ ಪೊಲೀಸರೂ ನ್ಯಾಯಾಲಯವೂ ನಗರದ ಆದಾಯಕ್ಕಾಗಿಯೇ ದಂಡದ ಹಿಂದೆ ಬಿದ್ದು ಬಡವರನ್ನು ಹಿಂಡಿದುದನ್ನು ಅಲ್ಲಿನ ನ್ಯಾಯ ಇಲಾಖೆ 2015ರಲ್ಲಿ ಬಯಲಿಗೆಳೆಯಿತು. ಇಂಗ್ಲೆಂಡಿನಲ್ಲಿ 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆ ನಿಲುಗಡೆಯ ಹೆಚ್ಚುವರಿ ಹಣವನ್ನು ನಿಲುಗಡೆ, ಸಾರಿಗೆ ಮುಂತಾದ ಗೊತ್ತಾದ ಉದ್ದೇಶಗಳಿಗೆ ಕಟ್ಟಿಹಾಕಿದೆ. ಅದರ ಬಲದಿಂದಲೇ 2013ರಲ್ಲಿ ಲಂಡನ್ನಿನ ಬಾರ್ನೆಟ್ ಆಡಳಿತ ಆದಾಯಕ್ಕಾಗಿ ಏರಿಸಿದ್ದ ನಿವಾಸಿಗಳ ನಿಲುಗಡೆ ಶುಲ್ಕವನ್ನು ಹೈಕೋರ್ಟು ಕಾನೂನುಬಾಹಿರವೆಂದಿತು. ಮೈಸೂರಿನಲ್ಲಿ ದೇವರಾಜ, ಕೃಷ್ಣರಾಜ, ನರಸಿಂಹರಾಜ ಮೊದಲಾದ ಸಂಚಾರ ಠಾಣೆಗಳ ನಿಲುಗಡೆ ದಂಡವನ್ನು ಹೆಲ್ಮೆಟ್, ಸಿಗ್ನಲ್ ಪ್ರಕರಣಗಳಿಂದ ಬೇರ್ಪಡಿಸಿ ಪ್ರಕಟಿಸಿ, ಅಷ್ಟೇ ಮೊತ್ತವನ್ನು ರಾಜ್ಯವು ಅನುದಾನವಾಗಿ ಆಯಾ ರಸ್ತೆಯ ಪಾದಚಾರಿ ಮಾರ್ಗ, ನಿಲುಗಡೆಯ ಗುರುತು, ನಾಮಫಲಕಗಳಿಗೆ ಮೀಸಲಿಟ್ಟು ಪಾಲಿಕೆಗೆ ಕೊಟ್ಟರೆ, 117ನೆಯ ಕಲಮು ಹೇಳುವ ಸಮಾಲೋಚನೆಗೆ ಬರುವ ಪಾಲಿಕೆಯ ಕೈಯಲ್ಲಿ ಹಣವೂ ಇರುತ್ತದೆ, ಜನರಿಗೆ ಕೊಡಬೇಕಾದ ಲೆಕ್ಕವೂ ಇರುತ್ತದೆ.